ಎಲ್ಲ ಬಟನ್ ಆರಿಸಿದ ಮೇಲೂ

ವಾಡಿ ಜಂಕ್ಷನ್ನಿನಲ್ಲಿ ಮೊನ್ನೆ ಗಾಡಿಗೆ ಕಾಯುತ್ತ ಕುಳಿತಿದ್ದಾಗ ಹಳೆಯ ಲೈನ್‌ಮನ್ ಒಬ್ಬರು ಸಿಕ್ಕರು. ಶಹಾಬಾದಿನಲ್ಲಿ ನಾನು ಮಾಸ್ತರನಾಗಿದ್ದ ಕಾಲದಲ್ಲಿ ಅವರು ಕಂಬ ಹತ್ತುತ್ತಿದ್ದವರು. ಚಹಾ ಕುಡಿಯುತ್ತ ಅದೂ ಇದೂ ಮಾತಾಡಿ, ಕೊನೆಗೆ, "ಮೀಟರ್ ಚಾಚಾ ಹೋದ್ರಲ್ರಿ ಮಾಸ್ತರ್, ನಿಮಗ ಗೊತ್ತಾಗಿಲ್ಲೇನು? ಮೂರು ತಿಂಗಳಾತು" ಎಂದರು. ನನಗೆ ಗೊತ್ತಾಗಿರಲಿಲ್ಲ. ಗಾಡಿ ಬಂತು, ಹತ್ತಿ ಕುಳಿತೆ. ಚಿತ್ತಾಪುರ ದಾಟುವವರೆಗೂ ಕಿಟಕಿಯ ಆಚೆ ಏನಿತ್ತೋ ನೋಡಲಿಲ್ಲ.

ಅವರ ಹೆಸರು ನನಗೆ ಗೊತ್ತು. ಆದರೆ ಊರಿನಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದು ಕೇಳಿಲ್ಲ. ವಿದ್ಯುತ್ ಕಚೇರಿಯಿಂದ ತಿಂಗಳಿಗೊಮ್ಮೆ ಮನೆಮನೆಗೆ ಬಂದು ಮೀಟರ್ ಓದಿ ಬರೆದುಕೊಂಡು ಹೋಗುವುದು ಅವರ ನೌಕರಿ. ಹಿಂದೂ ಮುಸಲ್ಮಾನ ಎನ್ನದೆ ಎಲ್ಲರೂ ಮೀಟರ್ ಚಾಚಾ ಎನ್ನುತ್ತಿದ್ದರು. ನಾನೂ ಹಾಗೆಯೇ ಬರೆಯುತ್ತೇನೆ.

ಬಿಳಿ ಪಾಯಜಾಮ, ಮೇಲೆ ಖಾಕಿ ಅಂಗಿ, ಹ್ಯಾಂಡಲ್ಲಿಗೆ ಕೈಚೀಲ ತೂಗುಬಿಟ್ಟ ಸೈಕಲ್ಲು. ಚೀಲದಲ್ಲಿ ದಪ್ಪ ಪುಸ್ತಕ, ಟಾರ್ಚು, ಒಂದು ಹಳೆಯ ಮೆತ್ತನೆಯ ಬಟ್ಟೆ. ಮನೆಯೊಳಗೆ ಬಂದವರು ಮೊದಲು ಮೀಟರಿನ ಗಾಜನ್ನು ಆ ಬಟ್ಟೆಯಿಂದ ಒರೆಸುತ್ತಿದ್ದರು, ಹಸುಗೂಸಿನ ಮುಖ ಒರೆಸಿದ ಹಾಗೆ. ಆಮೇಲೆ ಟಾರ್ಚು ಬಿಟ್ಟು ಅಂಕಿಗಳನ್ನು ಎರಡು ಸಲ ಗಟ್ಟಿಯಾಗಿ ಓದುತ್ತಿದ್ದರು. ಒಂದು ಸಲ ತಮಗೆ, ಇನ್ನೊಂದು ಸಲ ಮನೆಯವರಿಗೆ. "ನೀವೂ ಬರಕೊಳ್ರಿ. ನಾನೂ ಮನಷ್ಯಾನೇ, ತಪ್ಪು ಬರೀಬಹುದು" ಎನ್ನುತ್ತಿದ್ದರು.

ಅಲ್ಲಿಗೆ ಅವರ ಸರಕಾರಿ ಕೆಲಸ ಮುಗಿಯಿತು. ನಿಜವಾದ ಕೆಲಸ ಶುರುವಾಗುತ್ತಿದ್ದದ್ದು ಆಮೇಲೆ. ಒಂದು ತಂಬಿಗೆ ನೀರು ಕೇಳಿ, ಕುಡಿಯುತ್ತ ಮನೆಯನ್ನು ಸುತ್ತ ನೋಡುವರು. ನಮ್ಮ ಮನೆಗೆ ಮೊದಲ ಸಲ ಬಂದಾಗ ನೆತ್ತಿಯ ಮೇಲಿನ ಬಲ್ಬನ್ನೇ ನೋಡುತ್ತ ನಿಂತರು.

"ಎಷ್ಟರ ಬಲ್ಬು ಮಾಸ್ತರ್?"

"ಅರವತ್ತರದು. ಸಾಲೂದಿಲ್ಲ, ನೂರರದು ತರಬೇಕಂತ ಮಾಡೀನಿ."

"ಒಂದು ಸ್ಟೂಲ್ ಕೊಡ್ರಿ."

ಸ್ಟೂಲ್ ಹತ್ತಿ ಬಲ್ಬು ಬಿಚ್ಚಿ, ತಮ್ಮ ಬಟ್ಟೆಯಿಂದ ಒರೆಸಿದರು. ಬಟ್ಟೆ ಕಪ್ಪಾಯಿತು. ಶಹಾಬಾದಿನ ಧೂಳು ಅಂಥದು. ಗಣಿಯದು, ಕಾರ್ಖಾನೆಯದು, ರೈಲಿನದು, ಎಲ್ಲ ಸೇರಿ ಬಂದು ಕೂರುತ್ತದೆ. ಬಲ್ಬನ್ನು ತಿರುಗಿ ಹಾಕಿ ಬಟನ್ ಒತ್ತಿದಾಗ ನನ್ನ ಹೆಂಡತಿ ನಕ್ಕುಬಿಟ್ಟಳು. ಅಷ್ಟು ಬೆಳಕು!

"ಈಗ ಗ್ವಾಡಿಗೆ ಸುಣ್ಣ ಹೊಡಸ್ರಿ" ಎಂದರು ಚಾಚಾ. "ಹೊಗಿ ಕುಡದ ಗ್ವಾಡಿ ಬೆಳಕು ನುಂಗ್ತದ. ಸುಣ್ಣದ ಗ್ವಾಡಿ ವಾಪಸ್ ಕೊಡ್ತದ. ಸುಣ್ಣದ ಊರಾಗ ಇದ್ದು ಕತ್ತಲಾಗ ಕುಂತೀರಲ್ಲ. ಆಮ್ಯಾಲ ನಲವತ್ತರದು ಹಾಕ್ರಿ, ಸಾಕು."

ದೀಪಾವಳಿಗೆ ಸುಣ್ಣ ಹೊಡೆಸಿದೆವು. ನಲವತ್ತರದು ಸಾಕಾಯಿತು.

ಬಜಾರಿನ ಕಿರಾಣಿ ಸಾಹುಕಾರರ ಹಳೆಯ ಮನೆಯಲ್ಲಿ, ಕರೆಂಟ್ ಬಂದ ಮೇಲೆ ಮಾಳಿಗೆಯ ಬೆಳಕಿಂಡಿಯ ಮೇಲೆ ಪರಸಿ ಕಲ್ಲಿನ ಚಪ್ಪಡಿ ಎಳೆದು ಮುಚ್ಚಿಸಿದ್ದರು. ಮಳೆ ನೀರು ಸಿಡಿಯುತ್ತದೆ ಎನ್ನುವ ನೆಪ. ಅಡುಗೆಮನೆಯಲ್ಲಿ ಹಾಡುಹಗಲಲ್ಲಿ ಬಲ್ಬು ಉರಿಯುತ್ತಿತ್ತು. ಚಾಚಾ ತಲೆಯೆತ್ತಿ ನೋಡಿ, "ಸಾಹುಕಾರ್ರೇ, ಬಿಲ್ ಕಳಸಲಾರದ ಸೂರ್ಯದೇವರಿಗೇ ಬಾಗಲಾ ಮುಚ್ಚೀರೇನು?" ಎಂದರಂತೆ. ಸಾಹುಕಾರರಿಗೆ ಸಿಟ್ಟು ಬಂತು. ಆದರೆ ಒಳಗಿನಿಂದ ಅವರ ತಾಯಿ, "ಖರೆ ಅದ ನೋಡು, ನನ್ನ ರೊಟ್ಟಿ ಸುಟ್ಟದ್ದು ಬೆಂದದ್ದು ಕಾಣವಲ್ದು" ಎಂದಳಂತೆ. ಮರುದಿನವೇ ಕಲ್ಲು ಸರಿಸಿ, ಆ ಜಾಗಕ್ಕೆ ದಪ್ಪ ಗಾಜು ಕೂರಿಸಿದರು. ಬೇಸಿಗೆಯಲ್ಲಿ ಕಾದ ಮಾಳಿಗೆಯ ಕೆಳಗೆ ಎರಡನೇ ಫ್ಯಾನ್ ಹಾಕಿಸಲು ಹೊರಟವರಿಗೆ ಮೊದಲು ಮಾಳಿಗೆಯ ಮೇಲೆ ಸುಣ್ಣ ಬಳಿಸಿ ನೋಡಿ ಎನ್ನುತ್ತಿದ್ದರು. ಕೆಲವರು ಬಳಿಸಿದರು. ಕೆಲವರು ಹಿಂದಿನಿಂದ ನಕ್ಕರು. ನಗುವವರ ಮನೆಗೂ ಮುಂದಿನ ತಿಂಗಳು ಹೋಗಿ ಅದೇ ಮಾತು ಹೇಳುತ್ತಿದ್ದರು, ಬೇಸರವಿಲ್ಲದೆ.

ಇದೆಲ್ಲ ಎಲ್ಲಿ ಕಲಿತಿರಿ ಎಂದು ಒಮ್ಮೆ ಕೇಳಿದೆ. ಹರೆಯದಲ್ಲಿ ಅವರು ವಾಡಿ ಸ್ಟೇಷನ್ನಿನಲ್ಲಿ ಬತ್ತಿವಾಲಾ ಆಗಿದ್ದರಂತೆ. ಸಿಗ್ನಲ್ ಕಂಬ ಹತ್ತಿ ದೀಪಕ್ಕೆ ಸೀಮೆಎಣ್ಣೆ ಹಾಕುವ ಕೆಲಸ. "ಎಣ್ಣಿ ಅಳದು ಕೊಡ್ತಿದ್ರು. ಗಾಜು ಹೊಲಸಿದ್ರ ಬತ್ತಿ ಏರಿಸಬೇಕು, ಬತ್ತಿ ಏರಿಸಿದ್ರ ಎಣ್ಣಿ ಲಗೂ ಮುಗೀತದ, ಮುಗದ್ರ ಗಾಡಿ ಡ್ರೈವರ್‌ಗೆ ಸಿಗ್ನಲ್ ಕಾಣೂದಿಲ್ಲ. ಅದಕ್ಕ ಮದಲ ಗಾಜು ಒರಸೂದು ಕಲತೆ" ಎಂದರು. ಅಷ್ಟೇ ಹೇಳಿ ಸೈಕಲ್ ಹತ್ತಿದರು. ತಮ್ಮ ಬಗ್ಗೆ ಇದಕ್ಕಿಂತ ಉದ್ದ ಮಾತಾಡಿದ್ದು ನಾನು ಕೇಳಿಲ್ಲ.

ಕಚೇರಿಯಲ್ಲಿ ಅವರ ಬಗ್ಗೆ ಅಷ್ಟು ಒಳ್ಳೆಯ ಮಾತಿರಲಿಲ್ಲ. "ನೀ ಕರೆಂಟ್ ಮಾರಾಂವೋ, ಬ್ಯಾಡ ಅನ್ನಾಂವೋ?" ಎಂದು ಮೇಲಿನವರು ಕೇಳುತ್ತಿದ್ದರಂತೆ. ಆಗ ಬೇಸಿಗೆ ಬಂತೆಂದರೆ ದಿನಕ್ಕೆ ಇಷ್ಟು ಹೊತ್ತು ಎಂದು ಕರೆಂಟ್ ತೆಗೆಯುತ್ತಿದ್ದ ಕಾಲ. "ಇಲ್ಲಿ ಉಳದದ್ದು ಎಲ್ಲೂ ಹೋಗೂದಿಲ್ರಿ ಸಾಹೇಬ್ರೇ. ಇನ್ನೊಬ್ಬರ ಮನ್ಯಾಗ ಹತ್ತತದ" ಎನ್ನುವುದು ಚಾಚಾನ ಉತ್ತರವಾಗಿತ್ತಂತೆ.

ನಾನು ಹೇಳಬೇಕಾದ ಸಂಗತಿ ಬೇರೆಯೇ ಇದೆ. ಅದರಲ್ಲಿ ನನ್ನ ತಪ್ಪು ದೊಡ್ಡದು.

ನಾವಿದ್ದದ್ದು ಆರು ಖೋಲಿಗಳ ಒಂದು ಸಾಲುಮನೆಯಲ್ಲಿ. ಕಲ್ಲಿನ ಗೋಡೆ, ಪರಸಿಯ ನೆಲ, ಹಿಂದೆ ಎಲ್ಲರಿಗೂ ಸೇರಿದ ಹಿತ್ತಲು. ಆರು ಮನೆಗೂ ಒಂದೇ ಮೀಟರು, ಬಿಲ್ಲನ್ನು ಹಂಚಿಕೊಳ್ಳುತ್ತಿದ್ದೆವು. ಮಾಲಕರು ಊರಿನಲ್ಲಿ ತೂಕವುಳ್ಳವರು. ನಾನು ವಿಜ್ಞಾನ ಕಲಿಸುತ್ತಿದ್ದ ಖಾಸಗಿ ಹೈಸ್ಕೂಲಿನ ಕಮಿಟಿಯಲ್ಲೂ ಇದ್ದರು. ನನ್ನ ನೌಕರಿ ಆಗ ಇನ್ನೂ ಕಾಯಂ ಆಗಿರಲಿಲ್ಲ.

ಸಾಲಿನ ಕೊನೆಯ ಖೋಲಿಯಲ್ಲಿ ಕಾಶಮ್ಮ ಎನ್ನುವ ವಿಧವೆ ಇದ್ದಳು. ಸೇಡಂ ಕಡೆಯವಳು. ಗಂಡ ಗಣಿಯಲ್ಲಿ ತೀರಿಕೊಂಡ ಮೇಲೆ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರವೊಂದನ್ನು ಇಟ್ಟುಕೊಂಡು ಕುಪ್ಪಸ, ಲಂಗ ಹೊಲಿದು ಬದುಕುತ್ತಿದ್ದಳು. ಓದು ಬರಹ ಬಾರದು. ಯಾರ ಗೊಡವೆಗೂ ಹೋಗದ ಹೆಂಗಸು.

ಒಂದು ವರ್ಷ ಮಳೆಗಾಲ ಶುರುವಾದ ಮೇಲೆ ಬಿಲ್ಲು ಏರತೊಡಗಿತು. ಮೊದಲ ತಿಂಗಳು ಯಾರೂ ಗಮನಿಸಲಿಲ್ಲ. ಎರಡನೇ ತಿಂಗಳು ಗೊಣಗಿದರು. ಮೂರನೇ ತಿಂಗಳಿಗೆ ಅದು ಇಮ್ಮಡಿಯಾಗಿತ್ತು. ಎಲ್ಲರ ಕಣ್ಣೂ ಕೊನೆಯ ಖೋಲಿಯ ಕಡೆ ಹೋಯಿತು. ಆಕೆ ಹೊತ್ತು ಮುಳುಗಿದ ಮೇಲೂ ಹೊಲಿಯುತ್ತಾಳೆ ಎಂದರು ಒಬ್ಬರು. ಇಸ್ತ್ರಿಯ ವಾಸನೆ ಬರುತ್ತದೆ, ಗುಟ್ಟಾಗಿ ಕರೆಂಟಿನ ಇಸ್ತ್ರಿ ಪೆಟ್ಟಿಗೆ ತಂದಿದ್ದಾಳೆ ಎಂದರು ನನ್ನ ಪಕ್ಕದ ಮನೆಯ ರೈಲ್ವೆ ಗುಮಾಸ್ತರು.

"ಇಲ್ರಿ ಯಪ್ಪಾ, ನಂದು ಇದ್ದಲಿ ಇಸ್ತ್ರಿ. ಒಳಗ ಬಂದು ನೋಡ್ರಿ" ಎಂದು ಆಕೆ ಅಂಗಳದಲ್ಲಿ ನಿಂತು ಹೇಳಿದಳು. ಯಾರೂ ಹೋಗಿ ನೋಡಲಿಲ್ಲ. ನೋಡುವುದಕ್ಕೆ ಹತ್ತು ಹೆಜ್ಜೆ ಸಾಕಿತ್ತು.

ಮಾಲಕರಿಗೆ ಒಂದು ಅರ್ಜಿ ಕೊಡುವುದೆಂದು ಐದು ಮನೆಯವರು ಸೇರಿ ತೀರ್ಮಾನಿಸಿದರು. ನನ್ನ ಅಕ್ಷರ ಚೆನ್ನಾಗಿತ್ತು. ನಾನೇ ಬರೆದೆ. ಮಾಲಕರು ಓದಿ, ತಿಂಗಳ ಕೊನೆಗೆ ಖೋಲಿ ಬಿಡಬೇಕೆಂದು ಕಾಶಮ್ಮನಿಗೆ ಹೇಳಿ ಕಳಿಸಿದರು.

ಆ ನಡುವೆ ಒಂದು ಭಾನುವಾರ ಬೆಳಿಗ್ಗೆ, ಮನೆಮಂದಿ ಸಿಗುತ್ತಾರೆಂದು ರಜೆಯಲ್ಲೂ ತಿರುಗುತ್ತಿದ್ದ ಚಾಚಾ ಬಂದರು. ರಾತ್ರಿ ಮಳೆ ಬಿದ್ದು ಹಿತ್ತಲು ಕೆಸರಾಗಿತ್ತು. ಗಾಜು ಒರೆಸಿ, ಅಂಕಿ ಓದಿ, ತಮ್ಮ ಪುಸ್ತಕದ ಹಿಂದಿನ ಪುಟ ತಿರುವಿ ಹುಬ್ಬು ಗಂಟಿಕ್ಕಿದರು. ಗುಮಾಸ್ತರು ಕಾಶಮ್ಮನ ಕಥೆಯನ್ನೆಲ್ಲ ಹೇಳಿದರು. ಆಕೆ ತನ್ನ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

ಚಾಚಾ ಒಂದೇ ಪ್ರಶ್ನೆ ಕೇಳಿದರು. "ಯಾವಾಗಿಂದ ಹೆಚ್ಚಾಗೇದ? ಮಳಿ ಹತ್ತಿದ ಮ್ಯಾಲೋ, ಮದಲೋ?"

"ಮಳಿ ಹತ್ತಿದ ಮ್ಯಾಲರಿ."

"ಎಲ್ಲಾರೂ ತಮ್ಮ ತಮ್ಮ ಮನ್ಯಾಗ ಬಟನ್ ಆರಸ್ರಿ. ಒಂದೂ ಬಿಡಬ್ಯಾಡ್ರಿ."

ಆರಿಸಿದೆವು. ಅವರೇ ಆರೂ ಮನೆ ಹೊಕ್ಕು ನೋಡಿದರು. ಕಾಶಮ್ಮನ ಮನೆಯ ಬಲ್ಬನ್ನು ಬಿಚ್ಚಿ ತಂದು ಎಲ್ಲರಿಗೂ ಕಾಣುವಂತೆ ಕಟ್ಟೆಯ ಮೇಲೆ ಇಟ್ಟರು. ಆಮೇಲೆ ನನ್ನನ್ನು ಕರೆದರು.

"ಮಾಸ್ತರ್, ನೀವು ಸೈನ್ಸ್ ಕಲಸ್ತೀರಿ. ಬರ್ರಿ, ಇಲ್ಲಿ ನೋಡ್ರಿ."

ಮೀಟರಿನ ಗಾಜಿನೊಳಗೆ ಒಂದು ತೆಳು ತಟ್ಟೆ ಇರುತ್ತದೆ. ಕರೆಂಟ್ ಬಳಸಿದಾಗ ತಿರುಗುತ್ತದೆ. ಅದರ ಅಂಚಿನಲ್ಲಿ ಒಂದು ಕೆಂಪು ಗುರುತು. ನೋಡುತ್ತ ನಿಂತೆ. ಕೆಂಪು ಗುರುತು ಬಂತು, ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು.

"ತಿರಗ್ಲಿಕತ್ತದ" ಎಂದೆ.

"ಆರು ಮನ್ಯಾಗ ಒಂದು ಬಲ್ಬೂ ಹತ್ತಿಲ್ಲ. ಮತ್ತ ಯಾರು ತಿನ್ಲಿಕತ್ತಾರ?"

ಚಾಚಾ ಗೋಡೆಗುಂಟ ಹೋಗಿದ್ದ ತಂತಿಯನ್ನು ಕಣ್ಣಿನಿಂದ ಹಿಂಬಾಲಿಸುತ್ತ ಹೊರಟರು. ಆಗೆಲ್ಲ ತಂತಿಯನ್ನು ಕಟ್ಟಿಗೆಯ ಪಟ್ಟಿಯ ಮೇಲೆ ಹೊಡೆದು ಎಳೆಯುತ್ತಿದ್ದರು. ಒಂದೊಂದು ಮನೆ ದಾಟಿ, ನಮ್ಮ ಮನೆಯ ಹಿಂಬದಿಗೆ ಬಂದರು. ಅಲ್ಲಿ ನನ್ನ ಹೆಂಡತಿ, ಕಂಕುಳಲ್ಲಿ ಮಗುವನ್ನು ಎತ್ತಿಕೊಂಡು, ಒದ್ದೆ ಸೀರೆಯನ್ನು ಒಣಹಾಕಲು ಕೈ ಎತ್ತುತ್ತಿದ್ದಳು. ಬರಿಗಾಲು, ಕೆಸರು ನೆಲ.

"ತಂಗೀ! ಮುಟ್ಟಬ್ಯಾಡ!"

ಚಾಚಾ ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವಳು ಬೆಚ್ಚಿ ಹಿಂದೆ ಸರಿದಳು. ಸೀರೆ ಕೆಸರಿಗೆ ಬಿತ್ತು.

ಬಟ್ಟೆ ಒಣಹಾಕುವ ಕಬ್ಬಿಣದ ತಂತಿ ಅದು. ಒಂದು ತುದಿ ಹಿತ್ತಲಲ್ಲಿ ಹುಗಿದ ಕಬ್ಬಿಣದ ಗೂಟಕ್ಕೆ, ಇನ್ನೊಂದು ತುದಿ ಗೋಡೆಯ ಮೇಲಿನ ಮೊಳೆಗೆ. ಚಾಚಾ ಅಂಗಿಯ ಜೇಬಿನಿಂದ ಟೆಸ್ಟರ್ ತೆಗೆದು ಮೊಳೆಗೆ ತಾಗಿಸಿದರು. ಅದರೊಳಗಿನ ಪುಟ್ಟ ದೀಪ ಮಿಣುಕಾಗಿ ಹೊತ್ತಿತು. ಮುಂದೆ ಹೋಗಿ ಮೀಟರಿನ ಪಕ್ಕದ ಫ್ಯೂಸ್ ಕಿತ್ತು ಬಂದು, ಇಕ್ಕಳದಿಂದ ಆ ಮೊಳೆಯನ್ನು ಎಳೆದರು. ಅದು ಕರೆಂಟ್ ತಂತಿಯ ಹೊದಿಕೆಯನ್ನು ಗೀರಿಕೊಂಡು ಕಟ್ಟಿಗೆಯ ಪಟ್ಟಿಯೊಳಗೆ ಇಳಿದಿತ್ತು. ಮಳೆಗೆ ಪಟ್ಟಿ ನೆನೆದಂತೆಲ್ಲ ಕರೆಂಟ್ ಮೊಳೆಗೆ, ಮೊಳೆಯಿಂದ ಬಟ್ಟೆಯ ತಂತಿಗೆ, ಗೂಟದಿಂದ ಭೂಮಿಗೆ ಹರಿಯುತ್ತಿತ್ತು. ಹಗಲೂ ರಾತ್ರಿ.

"ಈ ಮೊಳಿ ಯಾರು ಹೊಡದಾರ?"

"ನಾನು" ಎಂದೆ.

ಬೇಸಿಗೆಯಲ್ಲಿ ಹೊಡೆದಿದ್ದೆ. ಶಹಾಬಾದಿ ಕಲ್ಲಿನ ಗೋಡೆಗೆ ಮೊಳೆ ಇಳಿಯುವುದಿಲ್ಲ. ಹುಡುಕಿ ನೋಡಿದಾಗ ಕಟ್ಟಿಗೆಯ ಪಟ್ಟಿಯೊಂದೇ ಮೆತ್ತಗೆ ಸಿಕ್ಕಿತ್ತು. ಆಗಲೇ ಇನ್ನೊಂದು ನೆನಪಾಯಿತು. ಹದಿನೈದು ದಿನದ ಹಿಂದೆ ಕಾಶಮ್ಮ ನನ್ನ ಹೆಂಡತಿಗೆ, "ಯಕ್ಕಾ, ತಂತಿ ಮುಟ್ಟಿದ್ರ ಕೈ ಜುಂ ಅಂತದ, ಮಾಸ್ತರ್‌ಗೆ ಒಂದು ಮಾತು ಹೇಳು" ಎಂದಿದ್ದಳು. ಹೆಂಡತಿ ನನಗೆ ಹೇಳಿದ್ದಳು. ತಣ್ಣೀರಲ್ಲಿ ಬಟ್ಟೆ ಒಗೆದರೆ ಕೈ ಜುಮ್ಮೆನ್ನುವುದು ಸಹಜ ಎಂದು ನಾನು ನಕ್ಕಿದ್ದೆ. ಅದೇ ವಾರ ಒಂಬತ್ತನೇ ಇಯತ್ತೆಗೆ ವಿದ್ಯುತ್ತಿನ ಪಾಠ ಮಾಡಿದ್ದೆ.

ಚಾಚಾ ಫ್ಯೂಸನ್ನು ಮತ್ತೆ ಹಾಕಿ ಎಲ್ಲರನ್ನೂ ಮೀಟರಿನ ಮುಂದೆ ಕರೆದರು. ತಟ್ಟೆ ಅಲುಗಾಡದೆ ನಿಂತಿತ್ತು. ಮೊದಲು ಕಾಶಮ್ಮನನ್ನು ಮುಂದೆ ಕರೆದು ತೋರಿಸಿದರು. ಆಮೇಲೆ ಫ್ಯೂಸನ್ನು ಪುನಃ ಕಿತ್ತು ಚೀಲಕ್ಕೆ ಹಾಕಿಕೊಂಡರು. "ಕರೆಂಟ್ ತಂತಿ ಮೈ ಹರದದ. ಹೊಸಾದು ಹಾಕಸೂತನಕ ಇದು ನನ್ನ ಹಂತ್ಯಾಕ ಇರ್ತದ."

ಎಲ್ಲರೂ ಗದ್ದಲ ಮಾಡಿದರು. ಸುದ್ದಿ ಹೋಗಿ ಮಾಲಕರೇ ಬಂದರು. "ಕರೆಂಟ್ ಕಟ್ ಮಾಡ್ಲಿಕ್ಕ ನಿನಗ ಯಾರು ಹುಕುಂ ಕೊಟ್ಟಾರ? ನಿನ್ನ ಕೆಲಸ ಓದೂದು, ಬರಿಯೂದು."

"ಖರೆ ಅದರಿ ಮಾಲಕರೆ, ಹುಕುಂ ಇಲ್ಲ. ತಂತಿ ಹಾಕಸ್ರಿ, ನಾನೇ ಬಂದು ಹಚ್ಚಿ ಕೊಡ್ತೀನಿ."

ಹೊರಡುವಾಗ ಸೈಕಲ್ಲಿನ ಬಳಿ ನನ್ನನ್ನು ಕರೆದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ಮೊಳಿ ನಾ ಕಿತ್ತೀನಿ ಮಾಸ್ತರ್. ಆ ಅರ್ಜಿ ನೀವೇ ಕೀಳಬೇಕು" ಎಂದರು.

ಸಂಜೆ ಮಾಲಕರ ಮನೆಗೆ ಹೋಗಿ, ಮೊಳೆ ನನ್ನದೆಂದು ಹೇಳಿ, ಅರ್ಜಿಯನ್ನು ವಾಪಸ್ ಕೇಳಿದೆ. ಅವರು ಮುಖ ನೋಡದೆ ಎಸೆದರು. ಅದನ್ನು ಹಿಡಿದು ಕಾಶಮ್ಮನ ಖೋಲಿಗೆ ಹೋದೆ. ಮೊದಲ ಸಲ ಒಳಗೆ ಕಾಲಿಟ್ಟದ್ದು. ಮೂಲೆಯಲ್ಲಿ ಇದ್ದಿಲ ಇಸ್ತ್ರಿ ಪೆಟ್ಟಿಗೆ ಬಾಯಿ ತೆರೆದುಕೊಂಡು ಕೂತಿತ್ತು. ಕಿಟಕಿಯ ಬೆಳಕಿಗೆ ಯಂತ್ರ ಎಳೆದುಕೊಂಡು ಆಕೆ ಹೊಲಿಯುತ್ತಿದ್ದಳು.

"ತಪ್ಪಾತು ಕಾಶಮ್ಮ" ಎಂದೆ. "ನೀ ಖೋಲಿ ಬಿಡೂದು ಬ್ಯಾಡ."

ಆಕೆ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು. "ಆ ಕಾಗದದಾಗ ಏನು ಬರದೀರಿ? ನನಗ ಓದಿ ತೋರಸ್ರಿ."

"ಬ್ಯಾಡ ಬಿಡು ಈಗ."

"ಓದ್ರಿ ಮಾಸ್ತರ್. ನನ್ನ ಬಗ್ಗೆ ಬರದದ್ದು ಊರಾಗ ಎಲ್ಲಾರಿಗೂ ಗೊತ್ತದ. ನನಗಷ್ಟೇ ಗೊತ್ತಿಲ್ಲ."

ಓದಿದೆ. 'ಸದರಿ ಹೆಣ್ಣುಮಗಳು ಕಳವಿನಿಂದ ವಿದ್ಯುತ್ ಉಪಯೋಗಿಸುತ್ತಿದ್ದು' ಎಂದು ಬರೆದಿದ್ದೆ. 'ನಡತೆಯೂ ಸಂಶಯಾಸ್ಪದವಾಗಿದ್ದು' ಎಂದು ಕೂಡ ಬರೆದಿದ್ದೆ. ಅದನ್ನು ಯಾರೂ ಬರೆಯಲು ಹೇಳಿರಲಿಲ್ಲ. ಅರ್ಜಿಗೆ ತೂಕ ಬರಲಿ ಎಂದು ನಾನೇ ಸೇರಿಸಿದ್ದು. ಆ ಸಾಲಿಗೆ ಬಂದಾಗ ಕಾಗದ ಮಡಚಲು ಹೋದೆ. ಆಕೆ ಕಾಯುತ್ತ ಕುಳಿತಳು. ಓದಿ ಮುಗಿಸಿದೆ.

"ಭಾಳ ಛಂದ ಬರೀತೀರಿ" ಎಂದಳು ಕಾಶಮ್ಮ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಇಷ್ಟೇ ಛಂದ ಇನ್ನೊಂದು ಬರೀರಿ. ಅದನ್ನೂ ನನಗ ಓದಿ ತೋರಸ್ರಿ. ಆಮ್ಯಾಲ ಇದನ್ನ ನಿಮ್ಮ ಕೈಲೇ ಒಲಿಗೆ ಹಾಕ್ರಿ."

ಅಲ್ಲೇ ನೆಲದ ಮೇಲೆ ಕುಳಿತು ಬರೆದೆ. ಮೊಳೆ ಹೊಡೆದವನು ನಾನು, ಆಕೆಯ ಮಾತು ಕೇಳದೆ ನಕ್ಕವನು ನಾನು, ಆಕೆಯ ನಡತೆಯ ಬಗ್ಗೆ ಬರೆದದ್ದು ಸುಳ್ಳು. ಓದಿ ತೋರಿಸಿದೆ. ಉಳಿದ ನಾಲ್ಕು ಮನೆಗಳಿಗೆ ಆಕೆಯೇ ನನ್ನ ಜೊತೆ ಬಂದಳು. ಅವಳೆದುರಿಗೇ ಎಲ್ಲರೂ ರುಜು ಹಾಕಿದರು. ಅದನ್ನು ಮಾಲಕರಿಗೆ ಮುಟ್ಟಿಸಿ ಬಂದು, ಹಳೆಯದನ್ನು ನನ್ನ ಕೈಯಾರೆ ಅವಳ ಒಲೆಗೆ ಹಾಕಿದೆ. ಕಾಶಮ್ಮ ಖೋಲಿ ಬಿಡಲಿಲ್ಲ. ನಾವು ಆ ಊರು ಬಿಡುವಾಗಲೂ ಅಲ್ಲೇ ಇದ್ದಳು, ನನ್ನ ಮಗಳ ಲಂಗಗಳನ್ನೆಲ್ಲ ಹೊಲಿದವಳು ಅವಳೇ.

ಮಾಲಕರು ನಾಲ್ಕು ದಿನಕ್ಕೆ ಹೊಸ ತಂತಿ ಹಾಕಿಸಿದರು. ಆದರೆ ಅಷ್ಟರಲ್ಲಿ ಅಧಿಕಾರವಿಲ್ಲದೆ ಫ್ಯೂಸ್ ಕಿತ್ತರೆಂದು ಚಾಚಾನ ಮೇಲೆ ಕಚೇರಿಗೆ ದೂರು ಹೋಗಿತ್ತು. ನಾನು ಕಚೇರಿಗೆ ಹೋಗಿ ನಡೆದದ್ದನ್ನೆಲ್ಲ ಬರೆದುಕೊಟ್ಟೆ. ಮಾಲಕರು ಕಮಿಟಿಯಲ್ಲಿದ್ದಾರೆ, ನೌಕರಿಗೆ ಏನಾಗುವುದೋ ಎಂಬ ಹೆದರಿಕೆಯಿಂದ ಎರಡು ದಿನ ತಡಮಾಡಿ ಬರೆದುಕೊಟ್ಟೆ ಎನ್ನುವುದನ್ನೂ ಹೇಳಿಬಿಡಬೇಕು. ನನ್ನ ನೌಕರಿಗೆ ಏನೂ ಆಗಲಿಲ್ಲ. ಚಾಚಾನಿಗೆ ವರ್ಗವಾಯಿತು, ಚಿಂಚೋಳಿ ತಾಲ್ಲೂಕಿಗೆ. ಮನೆ ಮಕ್ಕಳು ಚಿತ್ತಾಪುರದಲ್ಲಿ, ನೌಕರಿ ಅಲ್ಲಿ. ಬಸ್ಸಿನ ಮೇಲೆ ಸೈಕಲ್ ಕಟ್ಟಿಸಿಕೊಂಡು ಹೋದರು. ನಾನು ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಬಸ್ಸು ಬಿಟ್ಟಿತ್ತು.

ಮತ್ತೆ ನೋಡಿದ್ದು ಒಂದೇ ಸಲ. ಎರಡು ವರ್ಷದ ಮೇಲೆ ಪರೀಕ್ಷೆಯ ಕೆಲಸಕ್ಕೆಂದು ಅದೇ ತಾಲ್ಲೂಕಿನ ಸುಲೇಪೇಟಕ್ಕೆ ಹೋಗಿದ್ದೆ. ಬಜಾರಿನಲ್ಲಿ ಅದೇ ಖಾಕಿ ಅಂಗಿ ಕಂಡಿತು. ಗಡ್ಡ ಪೂರಾ ಬೆಳ್ಳಗಾಗಿತ್ತು. ಕಾಶಮ್ಮ ಹೇಗಿದ್ದಾಳೆ, ಮಗು ಶಾಲೆಗೆ ಹೋಗುತ್ತದೆಯೇ ಎಂದೆಲ್ಲ ಕೇಳಿದರು.

"ನನ್ನ ಸಲುವಾಗಿ ನೀವು ಇಲ್ಲಿಗೆ ಬರೂ ಹಂಗಾತು ಚಾಚಾ" ಎಂದೆ. ಎರಡು ವರ್ಷ ಕೂಡಿಟ್ಟ ಮಾತು.

"ಹಂಗೇನಿಲ್ಲ ಮಾಸ್ತರ್. ಶಾಬಾದದಾಗ ಮಂದಿಗೆ ಆಗಲೇ ರೂಢಿ ಬಿದ್ದಿತ್ತು. ಬಿದ್ದ ರೂಢಿ ಬಿಡಸೂದು ಭಾಳ ಕಷ್ಟ. ಇಲ್ಲಿ ಹಳ್ಳ್ಯಾಗ ಈಗೀಗ ಕರೆಂಟ್ ಬರ್ಲಿಕತ್ತದ. ಮದಲಿಂದ ಹೇಳಿಕೊಡಬಹುದು. ನಡ್ರಿ, ಇಲ್ಲೇ ಹತ್ರ ಒಂದು ಮನಿ ಅದ, ನೋಡಿ ಬರೂಣು."

ಊರ ಅಂಚಿನ ಸಣ್ಣ ಮಣ್ಣಿನ ಮನೆ. ಹಿಂದಿನ ದಿನವಷ್ಟೇ ಕರೆಂಟ್ ಕೊಟ್ಟಿದ್ದರು. ಒಳಗೆ ಹಗಲಲ್ಲೂ ಮಬ್ಬು. ಒಂದು ಬಲ್ಬು ಉರಿಯುತ್ತಿತ್ತು. ಅದರ ಕೆಳಗೆ ಒಬ್ಬ ಮುದುಕಿ, ಬಂದ ನೆಂಟರನ್ನು ಒಂಟಿಯಾಗಿ ಬಿಡಲಾರದವಳಂತೆ ಕುಳಿತಿದ್ದಳು. ನಿನ್ನೆಯಿಂದ ಆರಿಸಿಯೇ ಇರಲಿಲ್ಲ. ಬಟನ್ ಮುಟ್ಟಲು ಅಂಜಿಕೆ.

ಚಾಚಾ ಅವಳ ಕೈ ಹಿಡಿದು ಎಬ್ಬಿಸಿ ಗೋಡೆಯ ಹತ್ತಿರ ಕರೆತಂದರು. "ಹಚ್ಚೂದು ಯಾರಿಗಾದ್ರೂ ಬರ್ತದ ಯವ್ವಾ. ನೀ ಮದಲ ಆರಸೂದು ಕಲಿ. ಬಟ್ಟು ಇಲ್ಲಿಡು. ಹಾಂ, ಒತ್ತು."

ಮುದುಕಿ ಕಣ್ಣು ಮುಚ್ಚಿ ಒತ್ತಿದಳು. ಮನೆ ಮಬ್ಬಾಯಿತು. ಕಣ್ಣು ತೆರೆದು ನೋಡಿ ಅವಳ ಮುಖ ಬಿದ್ದುಹೋಯಿತು.

"ಹೋತಲ್ಲೋ ಯಪ್ಪಾ!"

"ಎಲ್ಲಿ ಹೋತು? ನಿನ್ನ ಕೈಯಾಗೇ ಅದ. ಒತ್ತು ಮತ್ತ."

ಒತ್ತಿದಳು. ಬೆಳಕಾಯಿತು. ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಮತ್ತೆ ಆರಿಸಿದಳು, ಮತ್ತೆ ಹಚ್ಚಿದಳು. ಆರಿಸಿ, ಹಚ್ಚಿ, ಆರಿಸಿ, ಹಚ್ಚಿ, ಎಷ್ಟು ಸಲವೋ. ಹಗಲು ಉರಿಯುವ ಒಂದು ಬಲ್ಬು ಕಂಡರೆ ಸುಮ್ಮನಿರದ ಚಾಚಾ ಅವತ್ತು ಒಂದು ಮಾತೂ ಆಡಲಿಲ್ಲ. ಗೋಡೆಗೆ ಒರಗಿ ನಿಂತು, ಅವಳಿಗೆ ಸಾಕೆನಿಸುವವರೆಗೂ ಕಾದರು.